ಸರಣಿ ಪತ್ತೇದಾರಿ ಕಾದಂಬರಿಗಳನ್ನು ಮೊದಲಿನಿಂದ ಓದಬೇಕಾ, ಕೈಗೆ ಸಿಕ್ಕಿದ್ದು ಓದಿದರೆ ಸಾಕಾ?

ಮಡಚಿದಪುಟ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೊರೀತಿರೋ ವಿಷಯ, ಇಲ್ಲಿ ಹೇಳಿಬಿಡ್ತೀನಿ.

ಪತ್ತೇದಾರಿ ಕಾದಂಬರಿ ಅಂದ್ರೆ ನನಗೆ ಚಿಕ್ಕಂದಿನಿಂದ ಪ್ರಾಣ. ಆದರೆ ಯಾವತ್ತೂ ಕ್ರಮ ನೋಡಿ ಓದಿದವನಲ್ಲ. ಒಂದು ಕೊಲೆ, ಐದಾರು ಜನರ ಮೇಲೆ ಅನುಮಾನ, ಕೊನೇ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಗುಟ್ಟು ಬಿಚ್ಚೋದು, ಅಲ್ಲಿಗೆ ಮುಗೀತು. ಈ ಪುಸ್ತಕಕ್ಕೂ ಮುಂದಿನದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ.

ಹೋದ ತಿಂಗಳು ಅಗಾಥಾ ಕ್ರಿಸ್ಟಿಯ 'ಕರ್ಟನ್' ಕೈಗೆ ಬಂತು. ಆಕೆಯ ಪತ್ತೇದಾರ ಪೊಯ್ರೊನ ಕೊನೆಯ ಪ್ರಕರಣ. ಅದಕ್ಕೆ ಮುಂಚೆ ನಾನು ಓದಿದ್ದ ಪೊಯ್ರೊ ಕಾದಂಬರಿಗಳು ಬರೀ ಎರಡು. ಓದಿದೆ, ಚೆನ್ನಾಗಿತ್ತು, ಮುಚ್ಚಿಟ್ಟೆ. ಆಮೇಲೆ ಗೆಳೆಯನೊಬ್ಬ ಹೇಳಿದ, ಆ ಕಥೆ ನಡೆಯೋ ಸ್ಟೈಲ್ಸ್ ಅನ್ನೋ ಮನೆ ಇದೆಯಲ್ಲ, 1920ರಲ್ಲಿ ಬಂದ ಮೊಟ್ಟಮೊದಲ ಪೊಯ್ರೊ ಕಾದಂಬರಿ ನಡೆದದ್ದೂ ಅದೇ ಮನೇಲಿ ಅಂತ. ಪೊಯ್ರೊನ ಹಳೇ ಗೆಳೆಯ ಹೇಸ್ಟಿಂಗ್ಸ್ ಹೆಂಡತಿಯನ್ನ ಕಳಕೊಂಡು, ವಯಸ್ಸಾಗಿ, ಆ ಮನೆಗೆ ವಾಪಸ್ ಬರ್ತಾನೆ. ಅಲ್ಲಿ ಪೊಯ್ರೊ ಗಾಲಿಕುರ್ಚಿಯಲ್ಲಿ ಕೂತಿರ್ತಾನೆ.

ನಾನು ಅದನ್ನ ಯಾವುದೋ ಒಂದು ಹಳೇ ಮನೆ ಅಂತ ಓದಿಕೊಂಡು ಹೋಗಿದ್ದೆ. ಶುರುವಿನಲ್ಲಿ ಹೇಸ್ಟಿಂಗ್ಸ್ ರೈಲಿನ ಕಿಟಕಿ ಪಕ್ಕ ಕೂತು ಹಳೇದನ್ನ ನೆನೆಸಿಕೊಳ್ಳೋ ಪುಟ ಇದೆ. ಕೊಲೆ ಯಾವಾಗ ಆಗುತ್ತೆ ಅನ್ನೋ ಆತುರದಲ್ಲಿ ಅದನ್ನ ಮೇಲಿಂದ ಮೇಲೆ ಕಣ್ಣಾಡಿಸಿ ಬಿಟ್ಟಿದ್ದೆ. ಮೊನ್ನೆ ರಾತ್ರಿ ಅದೇ ಪುಟ ತೆಗೆದು ನಿಧಾನಕ್ಕೆ ಓದಿದೆ. ಬೇಜಾರಾಯ್ತು. ಯಾರದೋ ಮನೇಲಿ ಸಾವಾದಾಗ ಹೋಗಿ, ಸತ್ತವರು ಯಾರು ಅಂತ ಗೊತ್ತಿಲ್ಲದೆ ಕೂತು ಎದ್ದು ಬಂದ ಹಾಗಾಯ್ತು.

ಈಗ ಪ್ರಶ್ನೆ. ಎಲ್ಲಾ ಸರಣಿಗಳನ್ನೂ ಮೊದಲಿನಿಂದಲೇ ಓದಬೇಕಾ? ಯಾವುದನ್ನ ಬಿಡಿಬಿಡಿಯಾಗಿ ಓದಬಹುದು? ನೀವೆಲ್ಲ ಹೇಗೆ ಓದ್ತೀರಿ?

ಸುಳಿವುಬೇಟೆ:
ನಾನು ಒಪ್ಪಲ್ಲ ಸರ್. ಕರ್ಟನ್ ಒಂದು ಅಪವಾದ, ಅದನ್ನ ಇಟ್ಟುಕೊಂಡು ಎಲ್ಲದಕ್ಕೂ ನಿಯಮ ಮಾಡಬೇಡಿ. ಪೊಯ್ರೊ ಕಾದಂಬರಿಗಳು 33 ಇವೆ, ಬಹುಪಾಲು ಎಲ್ಲಿಂದ ಹಿಡಿದರೂ ನಡೆಯುತ್ತೆ. ಮೊಟ್ಟೆಯಂಥ ತಲೆ, ಮೀಸೆ, ಅಚ್ಚುಕಟ್ಟುತನ, ಎರಡು ಪುಟದಲ್ಲಿ ಪರಿಚಯ ಮುಗಿದುಹೋಗುತ್ತೆ. ಪತ್ತೇದಾರಿ ಕಾದಂಬರಿ ಅಂದ್ರೆ ಒಗಟು. ಒಗಟು ಬಿಡಿಸೋಕೆ ಅದನ್ನ ಹೇಳಿದವರ ಜಾತಕ ಯಾಕೆ ಬೇಕು?

ರಾತ್ರಿದೀಪ:
ಸುಳಿವುಬೇಟೆ ಅವರೇ, ಒಗಟಿನ ದೃಷ್ಟಿಯಿಂದಲೇ ನೋಡಿದರೂ ಕ್ರಮ ಬೇಕಾಗುತ್ತೆ. 1937ರ 'ಡಂಬ್ ವಿಟ್‌ನೆಸ್' ಓದಿದ್ದೀರಾ? ಅದರಲ್ಲಿ ಪೊಯ್ರೊ ಮಾತಾಡ್ತಾ ಮಾತಾಡ್ತಾ ತನ್ನ ಹಳೇ ಪ್ರಕರಣಗಳ ನಾಲ್ಕು ಕೊಲೆಗಾರರ ಹೆಸರು ಹೇಳಿಬಿಡ್ತಾನೆ! ಅದರಲ್ಲಿ ಒಂದು 1926ರ 'ರೋಜರ್ ಅಕ್ರಾಯ್ಡ್' ಕಾದಂಬರಿಯದ್ದು. ನಾನು ಮೊದಲು ಓದಿದ್ದು ಡಂಬ್ ವಿಟ್‌ನೆಸ್. ಅಕ್ರಾಯ್ಡ್ ಓದುವಾಗ ಇಪ್ಪತ್ತು ಪುಟ ಆಗೋ ಹೊತ್ತಿಗೆ ಎಲ್ಲೋ ಕೇಳಿದ ಹೆಸರಲ್ವಾ ಅನ್ನಿಸ್ತು, ಅಲ್ಲಿಗೆ ಹೋಯ್ತು. ಜೀವನದಲ್ಲಿ ಒಂದೇ ಸಲ ಸಿಗೋ ಅನುಭವ ಅದು. ಇನ್ನು ವಾಪಸ್ ಬರಲ್ಲ.

ಸುಳಿವುಬೇಟೆ:
ಅಯ್ಯೋ. ಅದು ನೆನಪೇ ಇರಲಿಲ್ಲ ಮೇಡಂ. ಆ ಒಂದರ ಮಟ್ಟಿಗೆ ನೀವು ಹೇಳಿದ್ದು ಸರಿ. ಉಳಿದದ್ದಕ್ಕೆ ನನ್ನ ಮಾತು ಹಾಗೇ ಇದೆ.

ಕಡಲಬದಿ:
ನೀವು ಲೇಖಕಿಯೇ ಗುಟ್ಟು ಬಿಟ್ಟದ್ದಕ್ಕೆ ಬೇಜಾರು ಮಾಡ್ಕೊಂಡಿದ್ದೀರಿ. ನನ್ನ ಕಥೆ ಕೇಳಿ ಮಾರಾಯ್ರೆ. ಗ್ರಂಥಾಲಯದಿಂದ ತಂದ ಪುಸ್ತಕ. ಮೊದಲ ಪುಟದಲ್ಲಿ ಪಾತ್ರಗಳ ಪಟ್ಟಿ ಉಂಟಲ್ಲ, ಅಲ್ಲಿ ಒಂದು ಹೆಸರಿನ ಸುತ್ತ ಪೆನ್ಸಿಲಲ್ಲಿ ವೃತ್ತ ಹಾಕಿ 'ಇವನೇ' ಅಂತ ಬರೆದಿದ್ದರು. ಕೂಡಲೇ ಪುಸ್ತಕ ಮುಚ್ಚಿದೆ, ಆದ್ರೆ ಕಣ್ಣು ಓದಿಯಾಗಿತ್ತು. ಆದರೂ ಓದಿದೆ. ಕೊನೆಗೆ ನೋಡಿದ್ರೆ ಕೊಲೆಗಾರ ಅವನಲ್ಲ! ವೃತ್ತ ಹಾಕಿದ ಪುಣ್ಯಾತ್ಮ ಅರ್ಧ ಓದಿ ತನ್ನ ಊಹೆ ಬರೆದು ಹೋಗಿದ್ದ. ನಾನು ಮುನ್ನೂರು ಪುಟ ಒಬ್ಬ ನಿರಪರಾಧಿಯ ಮೇಲೆ ಕಣ್ಣಿಟ್ಟು ಓದಿದ್ದೆ, ಅವನು ಒಳ್ಳೇ ಮಾತಾಡಿದಾಗೆಲ್ಲ ಹಲ್ಲು ಕಡೀತಾ.

ಮಡಚಿದಪುಟ:
ಕಡಲಬದಿ ಅವರೇ, ಇದೇ ಒಂದು ಕಾದಂಬರಿಗೆ ಆಗುತ್ತೆ!

ಗಟ್ಟಿಓದು:
ಅಲ್ರೀ, ಎಲ್ಲಾ ಸರಣಿನೂ ಒಂದ ತಕ್ಕಡ್ಯಾಗ ಹಾಕಿ ತೂಗಬ್ಯಾಡ್ರಿ. ಸ್ವೀಡನ್ನಿನ ಶೊವಾಲ್ ಮತ್ತ ವಾಲೂ, ಲಗ್ನ ಆಗದ ಕೂಡಿ ಬಾಳಿದ ಜೋಡಿ, ಬರದ ಪೊಲೀಸ್ ಪತ್ತೇದಾರ ಮಾರ್ಟಿನ್ ಬೆಕ್ ಸರಣಿ ನೋಡ್ರಿ. 1965ರಿಂದ 1975ರ ತನಕ ಹತ್ತ ಪುಸ್ತಕ. ಹತ್ತಕ್ಕ ನಿಲ್ಲಸೂದಂತ ಮೊದಲ ಠರಾವು ಮಾಡಿದ್ರು. ಒಂದೊಂದರಾಗ ಮೂವತ್ತ ಅಧ್ಯಾಯ, ಒಟ್ಟ ಮುನ್ನೂರು. ಅವರ ಪ್ರಕಾರ ಅದು ಹತ್ತ ಭಾಗದ ಒಂದ ದೊಡ್ಡ ಕಾದಂಬರಿ. ಮಕ್ಕಳು ಮಲಗಿದ ಮ್ಯಾಲೆ ರಾತ್ರಿ ಕೂತು, ಒಂದ ಅಧ್ಯಾಯ ಇವರು, ಒಂದ ಅಧ್ಯಾಯ ಅವರು ಬರೀತಿದ್ರಂತ. ಹತ್ತನೇದು ಬರೂ ವರ್ಷನ ವಾಲೂ ತೀರಿಕೊಂಡ್ರು.

ಅದನ್ನ ಏಳನೇ ಪುಸ್ತಕದಿಂದ ಶುರು ಮಾಡ್ತೀನಂದ್ರ ಹ್ಯಾಂಗ್ರಿ? ಬೆಕ್‌ನ ಸಂಸಾರ ಒಡದದ್ದು, ಜೊತಿಗಾರರು ಒಬ್ಬೊಬ್ಬರ ಬದಲಾಗೂದು, ಒಂದ ಇಡೀ ದೇಶದ ಮ್ಯಾಲಿನ ಸಿಟ್ಟು ಪುಸ್ತಕದಿಂದ ಪುಸ್ತಕಕ್ಕ ಏರೂದು, ಇದೆಲ್ಲಾ ಸಾಲಾಗಿ ಓದಿದ್ರನ ತಿಳಿತದ.

ಸುಳಿವುಬೇಟೆ:
ನಿಮ್ಮ ಮಾತಲ್ಲೇ ನನ್ನ ದೂರು ಇದೆ ಸರ್. 'ಬೆಕ್‌ನ ಸಂಸಾರ ಒಡೆದದ್ದು'. ಈಗ ಬರೋ ಯಾವ ಸರಣಿ ತೆಗೆದರೂ ಅದೇ. ಪತ್ತೇದಾರನಿಗೆ ಕುಡಿತ, ವಿಚ್ಛೇದನ, ಮಾತು ಬಿಟ್ಟ ಮಗಳು, ನಿದ್ದೆ ಬರದ ರಾತ್ರಿ. ನಾನೂರು ಪುಟದ ಪುಸ್ತಕದಲ್ಲಿ ನೂರೈವತ್ತು ಪುಟ ಇವನ ಮನೆ ಗೋಳು. ಕೊಲೆಯಾದವನ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಆರನೇ ಪುಸ್ತಕದ ಹೊತ್ತಿಗೆ ಕೊಲೆಗಾರ ಬಂದು ಪತ್ತೇದಾರನ ಮಗಳನ್ನೇ ಎತ್ತಿಕೊಂಡು ಹೋಗಿರ್ತಾನೆ. ಯಾವ ಸರಣಿ ಅಂತ ಹೇಳಬೇಕಾದ್ದೇ ಇಲ್ಲ, ಹತ್ತು ಸರಣಿಯಲ್ಲಿ ಓದಿದ್ದೀನಿ.

ನಾನು ಓದುವಾಗ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ತೀನಿ. ಎಡಗಡೆ ಪುಟದಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿದ್ದೆ ಅಂತ ಹೇಳಿದರು, ಬಲಗಡೆ ಅದನ್ನ ಬೇರೆ ಯಾರು ನೋಡಿದರು. ಎರಡೂ ತಾಳೆ ಆಗದ ಕಡೆ ಕೆಂಪು ಗೆರೆ. ಕೊನೆಗೆ ಎರಡು ಅಧ್ಯಾಯ ಉಳಿದಾಗ ಪುಸ್ತಕ ಮುಚ್ಚಿ ಹೆಸರು ಬರೀತೀನಿ, ತಾರೀಖು ಹಾಕ್ತೀನಿ. ಎಲರಿ ಕ್ವೀನ್ ಹೆಸರಲ್ಲಿ ಬರೆದ ಇಬ್ಬರು ಸೋದರಸಂಬಂಧಿಗಳು 1929ರ ಮೊದಲ ಕಾದಂಬರಿಯಲ್ಲೇ ಕಥೆ ನಿಲ್ಲಿಸಿ ಓದುಗರಿಗೆ ಸವಾಲು ಹಾಕಿದ್ದರು. ಎಲ್ಲಾ ಸುಳಿವು ನಿಮ್ಮ ಮುಂದಿದೆ, ಈಗ ನೀವೇ ಹೇಳಿ ಅಂತ. ಓದುಗನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಯಾವುದಿದೆ?

ತಾಳೆಗರಿ:
ಆ ನೋಟ್‌ಬುಕ್ಕಿನ ವಿಷಯ ಕೇಳಿ ಖುಷಿಯಾಯ್ತು. ಎಷ್ಟು ಸಲ ಸರಿಯಾಗಿದೆ?

ಸುಳಿವುಬೇಟೆ:
ಮೂರರಲ್ಲಿ ಒಂದು ಸಲ. ಕ್ರಿಸ್ಟಿ ಹತ್ತಿರ ಅದೂ ಇಲ್ಲ.

ಅಮ್ಮನಮಗಳು:
ನನ್ನ ಅಮ್ಮನ ಹತ್ತಿರ ಕಳಿಸಿಕೊಡ್ತೀನಿ ಬನ್ನಿ ಸುಳಿವುಬೇಟೆ ಅವರೇ.

ಅಮ್ಮನಿಗೆ ಎಂಟು ವರ್ಷದಿಂದ ಸರಿಯಾಗಿ ಕಣ್ಣು ಕಾಣಲ್ಲ. ಮೊದಲು ತುಂಬಾ ಓದುತ್ತಿದ್ದವಳು. ಈಗ ರಾತ್ರಿ ನಾನು ಒಂದು ಅಧ್ಯಾಯ ಓದಿ ಹೇಳ್ತೀನಿ. ಗಟ್ಟಿಯಾಗಿ ಓದುವಾಗ ಒಂದು ಸಾಲೂ ಹಾರಿಸೋ ಹಾಗಿಲ್ಲ. ಹಾರಿಸಿದರೆ ದನಿಯಲ್ಲೇ ಕಂಡುಹಿಡೀತಾಳೆ. ನಡುವೆ ಕೈ ಎತ್ತಿ, 'ನಿಲ್ಲಿಸು, ಕಿಟಕಿ ಮುಚ್ಚಿದ್ದು ಯಾರು ಅಂದೆ? ಆಕೆಗೆ ಹೊರಗೆ ಮಳೆ ಬರ್ತಿದ್ದದ್ದು ಹೇಗೆ ಗೊತ್ತಾಯ್ತು?' ಅಂತಾಳೆ. ನಾನು ಹಿಂದಿನ ಪುಟ ತಿರುವಿದರೆ, ನಿಜವಾಗ್ಲೂ ಆಕೆಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ. ಕಣ್ಣಲ್ಲಿ ಓದುವಾಗ ನನಗೆ ಅದು ಕಂಡೇ ಇರಲಿಲ್ಲ.

ನಾವು ಈಗ ಸಿಮೆನನ್ ಬರೆದ, ಪ್ಯಾರಿಸ್ ಪೊಲೀಸ್ ಅಧಿಕಾರಿ ಮೆಗ್ರೇಯ ಸರಣಿ ಓದ್ತಾ ಇದ್ದೀವಿ. 75 ಕಾದಂಬರಿ ಇವೆ, ಹನ್ನೊಂದು ಆಗಿವೆ. ಇವುಗಳಲ್ಲಿ ಅಂಥ ಒಗಟೇನೂ ಇರಲ್ಲ. ಮೆಗ್ರೇ ಪೈಪು ಹಚ್ಚಿಕೊಂಡು ಸತ್ತವರ ಬೀದಿಯಲ್ಲಿ ಸುಮ್ಮನೆ ಕೂತಿರ್ತಾನೆ, ಆ ಜನರ ಬದುಕು ಮೈಗೆ ಹತ್ತೋವರೆಗೆ. ಸುಳಿವು ಹಿಡಿಯೋ ಅಮ್ಮನಿಗೆ ಇದು ಬೇಸರ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಮೆಗ್ರೇ ಹೆಂಡತಿ ರಾತ್ರಿ ಊಟ ಕಾಯಿಸಿಕೊಂಡು ಕಾಯ್ತಾ ಕೂರ್ತಾಳಲ್ಲ, ಆತ ಬರಲ್ಲ ಅಂತ ಫೋನ್ ಬರುತ್ತೆ, ಆಕೆ ಏನೂ ಅನ್ನಲ್ಲ. ಅಮ್ಮ ಪ್ರತಿ ಪುಸ್ತಕದಲ್ಲೂ ಮೊದಲು ಕೇಳೋದು, 'ಆಯಮ್ಮ ಬಂದಳಾ?' ಅಂತ.

ನಾವು ಕ್ರಮವಾಗಿ ಓದ್ತಿಲ್ಲ. ಸಿಕ್ಕಿದ ಹಾಗೆ. ಏನೂ ಕೆಟ್ಟಿಲ್ಲ.

ರಾತ್ರಿದೀಪ:
ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಮ್ಮನಿಗೆ ನಮಸ್ಕಾರ ಹೇಳಿ.

ಹರಿದರಕ್ಷಾಪುಟ:
ನನಗೆ ಎಪ್ಪತ್ತು ದಾಟಿದೆ. ನಮ್ಮ ಕಾಲದಲ್ಲಿ ಕ್ರಮದ ಪ್ರಶ್ನೆಯೇ ಇರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರು ನಾವು. ಶಾಲೆಯ ಓದು ಹೆಚ್ಚಿಲ್ಲದ ಆ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರು ಲೆಕ್ಕ ಇಟ್ಟಿದ್ದರು? ಕೈಯಿಂದ ಕೈಗೆ ಬರುವ ಹೊತ್ತಿಗೆ ರಕ್ಷಾಪುಟ ಹರಿದಿರುತ್ತಿತ್ತು, ಹೆಸರೇ ಗೊತ್ತಾಗುತ್ತಿರಲಿಲ್ಲ. ಪುಸ್ತಕ ಓದುವ ಚಟ ನಮ್ಮಲ್ಲಿ ಎಷ್ಟೋ ಜನರಿಗೆ ಹತ್ತಿದ್ದು ಅವರಿಂದ. ಮುಂದೆ ದೊಡ್ಡ ದೊಡ್ಡ ಸಾಹಿತ್ಯ ಓದಿದವರೂ ಇದನ್ನು ಒಪ್ಪಿಕೊಳ್ಳುತ್ತಾರೆ.

ಒಂದು ಸಲ ಕೊನೆಯ ಹಾಳೆಗಳೇ ಇಲ್ಲದ ಒಂದು ಪತ್ತೇದಾರಿ ಪುಸ್ತಕ ಸಿಕ್ಕಿತು. ಯಾರು ಬರೆದದ್ದೆಂದೂ ತಿಳಿಯದು. ನಾಯಕ ಬೀರುವಿನ ಬಾಗಿಲಿಗೆ ಕೈ ಹಾಕುತ್ತಾನೆ, ಅಲ್ಲಿಗೆ ಪುಸ್ತಕ ಮುಗಿದಿದೆ. ನಾನು ಮತ್ತು ನನ್ನ ತಮ್ಮ ತಿಂಗಳುಗಟ್ಟಲೆ ವಾದ ಮಾಡಿದೆವು. ಅವನು ವಕೀಲ ಎಂದ, ನಾನು ಮಲಸಹೋದರ ಎಂದೆ. ತಮ್ಮ ತೀರಿಕೊಂಡು ಆರು ವರ್ಷವಾಯಿತು. ಬೀರುವಿನೊಳಗೆ ಏನಿತ್ತೆಂದು ನನಗೆ ಇವತ್ತಿಗೂ ತಿಳಿಯದು. ಆ ಪುಸ್ತಕದಷ್ಟು ಚೆನ್ನಾಗಿ ಬೇರೆ ಯಾವ ಪುಸ್ತಕವೂ ನನ್ನ ನೆನಪಿನಲ್ಲಿ ಉಳಿದಿಲ್ಲ.

ಕಡಲಬದಿ:
ಸರ್, ಯಾರಾದ್ರೂ ಅದನ್ನ ಹುಡುಕಿ ಕೊಟ್ರೆ ಓದ್ತೀರಾ?

ಹರಿದರಕ್ಷಾಪುಟ:
ಓದುವುದಿಲ್ಲ. ವಕೀಲನೇ ಆಗಿದ್ದರೆ ತಮ್ಮನಿಗೆ ಹೇಳಲು ಅವನಿಲ್ಲ.

ಝೆಡ್‌ಇಲ್ಲ:
ಕೊನೆ ಇಲ್ಲದ ಪುಸ್ತಕದ ಮಾತು ಬಂತು, ಕೊನೆ ಇಲ್ಲದ ಸರಣಿಯ ಬಗ್ಗೆ ನಾನು ಹೇಳ್ತೀನಿ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತೆ.

ಸೂ ಗ್ರಾಫ್ಟನ್ 1982ರಲ್ಲಿ ಇಂಗ್ಲಿಷಿನ 'ಎ' ಅಕ್ಷರದಿಂದ ಶುರು ಮಾಡಿದರು. ಅಕ್ಷರಕ್ಕೊಂದು ಪುಸ್ತಕ, ನಾಯಕಿ ಕಿನ್ಸೆ ಮಿಲ್‌ಹೋನ್. ನಾನು 'ಜಿ' ಹೊತ್ತಿಗೆ ಸೇರಿಕೊಂಡೆ, ಹಿಂದಿನದೆಲ್ಲ ಹುಡುಕಿ ಓದಿದೆ, ಆಮೇಲೆ ಒಂದೊಂದಕ್ಕೂ ಕಾದು ಕಾದು ಓದಿದೆ. 2017ರಲ್ಲಿ 'ವೈ' ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಬೇರೆಯವರಿಂದ ಬರೆಸೋಕೆ ಅವರು ಒಪ್ಪಿರಲಿಲ್ಲ. ನಮ್ಮ ಮಟ್ಟಿಗೆ ಅಕ್ಷರಮಾಲೆ ವೈಗೆ ಮುಗಿಯಿತು ಅಂತ ಮನೆಯವರು ಹೇಳಿಬಿಟ್ಟರು.

ಬೇರೆ ಯಾರೋ ಬರೆದ 'ಝೆಡ್' ಬಂದಿದ್ದರೆ ನಾನು ಓದ್ತಾ ಇರಲಿಲ್ಲ. ಕಪಾಟಿನಲ್ಲಿ ಇಪ್ಪತ್ತೈದು ಪುಸ್ತಕ ಸಾಲಾಗಿ ನಿಂತಿವೆ, ಕೊನೇಲಿ ಒಂದು ಪುಸ್ತಕದಷ್ಟು ಜಾಗ ಬಿಟ್ಟಿದ್ದೀನಿ. ಅಲ್ಲಿ ಬೇರೆ ಏನೂ ಇಡಲ್ಲ.

ಇನ್ನೊಂದು. ಕಿನ್ಸೆಗೆ ಮೊದಲ ಪುಸ್ತಕದಲ್ಲಿ 32 ವರ್ಷ. 'ವೈ'ನಲ್ಲಿ ಕಥೆ ನಡೆಯೋದು 1989ರಲ್ಲಿ. ನಾವು ಮೂವತ್ತೈದು ವರ್ಷ ಮುದುಕರಾದೆವು, ಆಕೆ ಏಳು. ಮೊಬೈಲು, ಅಂತರ್ಜಾಲ ಏನೂ ಇಲ್ಲದೆ ದಾಖಲೆ ಕಚೇರಿಗಳಲ್ಲಿ ಕಡತ ತಿರುವಿ, ಬಾಗಿಲು ತಟ್ಟಿ, ಪುಟ್ಟ ಕಾರ್ಡುಗಳ ಮೇಲೆ ಟಿಪ್ಪಣಿ ಬರೆದು ಪತ್ತೆ ಮಾಡ್ತಾಳೆ. ಆ ಕಾಲದಲ್ಲೇ ಆಕೆಯನ್ನ ನಿಲ್ಲಿಸಿದ್ದು ಲೇಖಕಿ ಮಾಡಿದ ಜಾಣ ಕೆಲಸ.

ಗಟ್ಟಿಓದು:
ವಯಸ್ಸಿನ ಮಾತ ತಗದ್ರಿ, ಛಲೋ ಆತು. ನನಗ ವಯಸ್ಸಾಗೂ ಪತ್ತೇದಾರನ ಬೇಕು. ಇಯಾನ್ ರ್‍ಯಾಂಕಿನ್ ಬರದ ರೀಬಸ್ 1987ರಾಗ ಬಂದ. ವರ್ಷ ವರ್ಷ ಅಂವಗೂ ವಯಸ್ಸ ಏರತದ. 2007ರ ಪುಸ್ತಕದಾಗ ಅರವತ್ತಾಗಿ ನಿವೃತ್ತಿ. ಪೊಲೀಸ್ ಕೆಲಸದಾಗಿದ್ದವ ಒಂದ ದಿನಾ ಮುಂಜಾನೆ ಎದ್ದು ಹೋಗಾಕ ಠಾಣೆನ ಇಲ್ಲಂದ್ರ ಏನ ಮಾಡಬೇಕು? ಐದ ವರ್ಷದ ಮ್ಯಾಲೆ ಹಳೇ ಕಡತ ನೋಡಾಕ ಅಂತ ಮತ್ತ ಬಂದ. ಈ ಮನುಷ್ಯಾನ ಕೂಡ ನಾನೂ ಮುದುಕ ಆಗೇನ್ರಿ.

ತಾಳೆಗರಿ:
ಪೊಯ್ರೊ ಲೆಕ್ಕ ತೆಗೆದರೆ ಇದಕ್ಕೆ ತದ್ವಿರುದ್ಧ. ಮೊದಲ ಕಾದಂಬರಿಗೇ ಬೆಲ್ಜಿಯಂ ಪೊಲೀಸಿನಿಂದ ನಿವೃತ್ತನಾಗಿ ಬಂದವನು. ಅದು ಮೊದಲ ಮಹಾಯುದ್ಧದ ಕಾಲ. 1970ರ ದಶಕದವರೆಗೂ ಪತ್ತೆ ಮಾಡ್ತಾನೇ ಇದ್ದ ಅಂದ್ರೆ ನೂರು ದಾಟಿರಬೇಕು. ಅಷ್ಟು ವಯಸ್ಸಾದವನನ್ನ ಆರಿಸಿಕೊಂಡದ್ದು ತಪ್ಪಾಯ್ತು ಅಂತ ಕ್ರಿಸ್ಟಿಗೇ ಅನ್ನಿಸಿತ್ತು. ಆದರೆ ಅದೇ ಕ್ರಿಸ್ಟಿ ಟಾಮಿ-ಟಪೆನ್ಸ್ ಜೋಡಿಗೆ ನಿಜವಾದ ವಯಸ್ಸು ಕೊಟ್ಟರು. 1922ರಲ್ಲಿ ಕೆಲಸ ಇಲ್ಲದ ಹುಡುಗ ಹುಡುಗಿ, 1973ರಲ್ಲಿ ಮೊಮ್ಮಕ್ಕಳಿರೋ ಅಜ್ಜ ಅಜ್ಜಿ.

ಮತ್ತೆ ಕರ್ಟನ್ ಬಗ್ಗೆ ಒಂದು ಮಾತು. ಅದನ್ನ ಅವರು ಕೊನೆಗೆ ಬರೆದದ್ದಲ್ಲ! ಎರಡನೇ ಮಹಾಯುದ್ಧದ ಹೊತ್ತಲ್ಲಿ ಬರೆದು, ಮೂವತ್ತು ವರ್ಷ ಬೀಗ ಹಾಕಿ ಇಟ್ಟಿದ್ದರು. ಬಂದದ್ದು 1975ರಲ್ಲಿ. ಆ ಆಗಸ್ಟ್ 6ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಪೊಯ್ರೊ ನಿಧನ ವಾರ್ತೆ ಬಂತು, ನಿಜವಾದ ಮನುಷ್ಯ ಸತ್ತ ಹಾಗೆ. ಕ್ರಿಸ್ಟಿ ತೀರಿಕೊಂಡದ್ದು ಮುಂದಿನ ಜನವರಿಯಲ್ಲಿ.

ಮಡಚಿದಪುಟ:
ತಾಳೆಗರಿ ಅವರೇ, ಇದು ಗೊತ್ತಿರಲಿಲ್ಲ! ಅಂದ್ರೆ ನಡುವೆ ಬಂದ ಪೊಯ್ರೊ ಕಾದಂಬರಿಗಳನ್ನೆಲ್ಲ ಅವನ ಸಾವಿನ ಹಾಳೆಗಳನ್ನ ಬೀಗದಲ್ಲಿಟ್ಟುಕೊಂಡು ಬರೆದರು. ಹಾಗಾದರೆ ಲೇಖಕಿಯೂ ಕೊನೆಯದನ್ನ ಮೊದಲೇ ಮುಗಿಸಿದ್ದರು ಅಂತಾಯ್ತು.

ಸುಳಿವುಬೇಟೆ:
ಬರೆಯೋ ಕ್ರಮ ಬೇರೆ, ಓದೋ ಕ್ರಮ ಬೇರೆ ಅಂತ ಇದರಿಂದಲೇ ಸಾಬೀತಾಗಲ್ವಾ? ಶೆರ್ಲಾಕ್ ಹೋಮ್ಸ್ ನೋಡಿ. 4 ಕಾದಂಬರಿ, 56 ಕಥೆ. 1893ರಲ್ಲಿ ಕಾನನ್ ಡಾಯ್ಲ್ ಅವನನ್ನ ಜಲಪಾತಕ್ಕೆ ಬೀಳಿಸಿ ಸಾಯಿಸಿದರು. 1901ರಲ್ಲಿ ನಾಯಿಯ ಕಥೆ ಬಂತು, ಆದರೆ ಅದು ಸಾಯೋಕೆ ಮೊದಲು ನಡೆದದ್ದು. 1903ರಲ್ಲಿ ಸತ್ತೇ ಇರಲಿಲ್ಲ ಅಂತ ವಾಪಸ್ ಕರೆತಂದರು. ವ್ಯಾಟ್ಸನ್‌ಗೆ ಗುಂಡು ತಗುಲಿದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೇದರಲ್ಲಿ ಕಾಲಿಗೆ. ಜಾನ್ ಅನ್ನೋ ಹೆಸರಿನ ಗಂಡನನ್ನ ಹೆಂಡತಿ ಒಂದು ಕಥೆಯಲ್ಲಿ ಜೇಮ್ಸ್ ಅಂತ ಕರೀತಾಳೆ. ಕಾನನ್ ಡಾಯ್ಲ್ ಅವರೇ ಹಿಂದೆ ತಿರುಗಿ ನೋಡಲಿಲ್ಲ. ನಾವು ಯಾಕೆ ಕ್ರಮ ಹಿಡಿದು ಕೂರಬೇಕು?

ರಾತ್ರಿದೀಪ:
ಆದರೂ ಹೋಮ್ಸ್ ವಾಪಸ್ ಬರೋ ಕಥೆಯನ್ನ, ಅವನು ಸತ್ತ ಕಥೆ ಓದದೆ ಓದಿ ನೋಡಿ. ವ್ಯಾಟ್ಸನ್ ಜೀವನದಲ್ಲಿ ಮೊದಲ ಸಲ ಮೂರ್ಛೆ ಹೋಗ್ತಾನೆ. ಹಿಂದಿನದು ಗೊತ್ತಿಲ್ಲದಿದ್ದರೆ ಇವನಿಗೇನಾಯ್ತು ಅನ್ನಿಸುತ್ತೆ ಅಷ್ಟೇ.

ಸುಳಿವುಬೇಟೆ:
ಹ್ಞಾಂ, ಅದು ಹೌದು.

ಸೂಕ್ಷ್ಮದರ್ಶಕ:
ವಿಷಯ ಸ್ವಲ್ಪ ಬದಲಿಸುತ್ತೇನೆ, ಕ್ಷಮಿಸಿ. ನಾನು ವಿಧಿವಿಜ್ಞಾನ ಕ್ಷೇತ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಯಾವ ಸರಣಿ ಓದಿದರೂ ನನಗೆ ಒಂದೇ ಸಿಟ್ಟು. ವೈದ್ಯರು ಬರುತ್ತಾರೆ, ಶವ ಮುಟ್ಟುತ್ತಾರೆ, 'ಸಾವು ರಾತ್ರಿ ಹತ್ತೂಕಾಲರಿಂದ ಹತ್ತೂವರೆಯ ನಡುವೆ ಆಗಿದೆ' ಎನ್ನುತ್ತಾರೆ. ಹಾಗೆ ಯಾರೂ ಹೇಳಲಾರರು. ಮೈ ಸೆಟೆದುಕೊಳ್ಳುವುದು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಶುರುವಾಗುತ್ತದೆ, ಸುಮಾರು ಹನ್ನೆರಡು ಗಂಟೆಯ ಹೊತ್ತಿಗೆ ಪೂರ್ತಿಯಾಗುತ್ತದೆ, ಆಮೇಲೆ ನಿಧಾನವಾಗಿ ಸಡಿಲಾಗುತ್ತದೆ. ಸೆಖೆ ಇದ್ದರೆ ಬೇಗ, ಚಳಿ ಇದ್ದರೆ ತಡ. ತೆಳ್ಳಗಿನವರ ಮೈ ಬೇಗ ತಣ್ಣಗಾಗುತ್ತದೆ, ಹೊದಿಕೆ ಇದ್ದರೆ ತಡವಾಗುತ್ತದೆ. ನಾವು ಕೊಡುವುದು ಗಂಟೆಗಳ ಅಂತರ, ಅದನ್ನೂ ಹಿಂಜರಿಕೆಯಿಂದಲೇ ಕೊಡುತ್ತೇವೆ.

ಹತ್ತೂಕಾಲಕ್ಕೆ ತಾನು ಬೇರೆ ಕಡೆ ಇದ್ದೆ ಎಂಬ ಒಂದೇ ಮಾತಿನ ಮೇಲೆ ಇಡೀ ಕಥೆ ನಿಂತಿದ್ದರೆ, ನಾನು ಅಲ್ಲೇ ಪುಸ್ತಕ ಕೆಳಗಿಡುತ್ತೇನೆ.

ವಿಷದ ವಿಷಯದಲ್ಲಿ ಮಾತ್ರ ಕ್ರಿಸ್ಟಿಯವರಿಗೆ ಕೈ ಮುಗಿಯಬೇಕು. ಮೊದಲ ಮಹಾಯುದ್ಧದ ಸಮಯದಲ್ಲಿ ಅವರು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದರು, ಅದಕ್ಕಾಗಿ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಮೊದಲ ಕಾದಂಬರಿಯ ವಿಷಪ್ರಯೋಗ ಎಷ್ಟು ಕರಾರುವಾಕ್ಕಾಗಿದೆ ಎಂದರೆ ಔಷಧಶಾಸ್ತ್ರದ ಪತ್ರಿಕೆಯೊಂದು ಅದನ್ನು ಮೆಚ್ಚಿ ಬರೆದಿತ್ತು. ಅದು ಹೇಗೆ ನಡೆಯುತ್ತದೆ ಎಂದು ಇಲ್ಲಿ ಹೇಳುವುದಿಲ್ಲ, ಮಡಚಿದಪುಟ ಅವರು ಇನ್ನೂ ಓದಿಲ್ಲ.

ಮಡಚಿದಪುಟ:
ತುಂಬಾ ಥ್ಯಾಂಕ್ಸ್ ಮೇಡಂ!

ಸುಳಿವುಬೇಟೆ:
ಸೂಕ್ಷ್ಮದರ್ಶಕ ಮೇಡಂ, ನನ್ನ ನೋಟ್‌ಬುಕ್ಕಿನ ಎಡಗಡೆ ಪುಟವನ್ನೇ ಹರಿದು ಹಾಕಿದಿರಿ. ಆದರೂ ಒಂದು ವಾದ ಇದೆ. ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ 1929ರಲ್ಲಿ ಹತ್ತು ನಿಯಮ ಬರೆದರು. ಕೊಲೆಗಾರ ಕಥೆಯ ಶುರುವಿನಲ್ಲೇ ಬಂದಿರಬೇಕು, ದೆವ್ವ ಭೂತ ಕೂಡದು, ಇಲ್ಲದ ವಿಷ ಹುಟ್ಟಿಸಕೂಡದು, ಅವಳಿಜವಳಿ ಇದ್ದರೆ ಮೊದಲೇ ಸೂಚನೆ ಕೊಡಬೇಕು. ಇದೆಲ್ಲ ಓದುಗನ ಜೊತೆ ಮಾಡಿಕೊಳ್ಳೋ ಒಪ್ಪಂದ. ಡಾಕ್ಟರು ಹೇಳಿದ ಸಮಯವನ್ನ ನಂಬಬೇಕು ಅನ್ನೋದೂ ಅದೇ ಥರದ ಒಪ್ಪಂದ ಅಂತ ನಾನು ಓದ್ತೀನಿ. ಚದುರಂಗದಲ್ಲಿ ಕುದುರೆ ಯಾಕೆ ಸೊಟ್ಟ ಹೋಗುತ್ತೆ ಅಂತ ಯಾರೂ ಕೇಳಲ್ಲವಲ್ಲ.

ಸೂಕ್ಷ್ಮದರ್ಶಕ:
ಚದುರಂಗದಲ್ಲಿ ಹೆಣ ಇರುವುದಿಲ್ಲ ಸರ್. ನನಗೆ ಅದು ಯಾವತ್ತೂ ಬರೀ ಕಾಯಿಯಾಗಿ ಕಂಡಿಲ್ಲ. ಸತ್ತವರನ್ನು ಎರಡನೇ ಅಧ್ಯಾಯದ ಹೊತ್ತಿಗೆ ಮರೆಯುವ ಪುಸ್ತಕ ನನ್ನಿಂದ ಓದಲಾಗುವುದಿಲ್ಲ. ಮೆಗ್ರೇಯ ಬಗ್ಗೆ ಅಮ್ಮನಮಗಳು ಬರೆದದ್ದು ಅದಕ್ಕೇ ಹಿಡಿಸಿತು. ಅವನು ಸತ್ತವರ ಬೀದಿಯಲ್ಲಿ ಹೋಗಿ ಕೂರುತ್ತಾನೆ.

ಪುಟ್ಟಟಾರ್ಚ್:
ಬಂಗಾಳಿ ಸರಣಿಗಳ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಮಾತಾಡಿಲ್ಲ! ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ 1932ರಲ್ಲಿ ಶುರುವಾದದ್ದು. ಪತ್ತೇದಾರ ಅಂತ ಕರೆದರೆ ಅವನಿಗೆ ಇಷ್ಟ ಇಲ್ಲ, ಸತ್ಯಾನ್ವೇಷಿ ಅನ್ನಬೇಕು. ಒಂದು ಪ್ರಕರಣದಲ್ಲಿ ಸಿಕ್ಕ ಸತ್ಯವತಿಯನ್ನ ಮದುವೆಯಾಗ್ತಾನೆ, ಮುಂದೆ ಮಗ ಹುಟ್ತಾನೆ. ಲೇಖಕರು ನಡುವೆ ಸುಮಾರು 15 ವರ್ಷ ಬರೆಯೋದು ನಿಲ್ಲಿಸಿ ಮತ್ತೆ ಶುರು ಮಾಡಿದರು. ಮನೆ ಮಾತು ಇದ್ದೂ ಒಗಟು ಕೆಡದೇ ಇರೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ, ಸುಳಿವುಬೇಟೆ ಅಣ್ಣ. ಕುಡಿತ ಇಲ್ಲ, ಗೋಳಿಲ್ಲ, ಗಂಡ ಹೆಂಡತಿ ಜಗಳ ಇದೆ, ಆದರೆ ಎಷ್ಟು ಬೇಕೋ ಅಷ್ಟೇ.

ಸತ್ಯಜಿತ್ ರಾಯ್ ಅವರ ಫೆಲುದಾ 1965ರಲ್ಲಿ ಮಕ್ಕಳ ಪತ್ರಿಕೆಗೆ ಬರೆದದ್ದು. ಅಲ್ಲಿ ಕ್ರಮದ ಬಗ್ಗೆ ನನ್ನ ಸಲಹೆ ಒಂದೇ. ಜಟಾಯು ಬರೋ ಮೊದಲ ಪುಸ್ತಕ, 1971ರ 'ಸೋನಾರ್ ಕೆಲ್ಲಾ', ಅದನ್ನ ಮೊದಲು ಓದಿ. ಜಟಾಯು ತಾನೂ ಪತ್ತೇದಾರಿ ಕಾದಂಬರಿ ಬರೆಯೋ ಲೇಖಕ, ಫೆಲುದಾ ಅವನ ಪುಸ್ತಕದ ತಪ್ಪು ತಿದ್ದುತ್ತಾನೆ. ಅವರಿಬ್ಬರೂ ರೈಲಿನಲ್ಲಿ ಮೊದಲ ಸಲ ಭೇಟಿಯಾಗೋದು ನೋಡಿದವರಿಗೆ ಮುಂದಿನ ಸ್ನೇಹದ ರುಚಿಯೇ ಬೇರೆ.

ಗಟ್ಟಿಓದು:
ಜಟಾಯು ಅಂದ್ರ ನನಗೂ ಭಾಳ ಪ್ರೀತಿ. ಕ್ರಿಸ್ಟಿ ಕಡೆ ಅರಿಯಾಡ್ನಿ ಆಲಿವರ್ ಅದಾಳಲ್ರಿ, ಆಕಿನೂ ಪತ್ತೇದಾರಿ ಬರಿಯಾಕಿ. ತಾನ ಹುಟ್ಟಿಸಿದ ಫಿನ್ಲೆಂಡ್ ಪತ್ತೇದಾರನ ಕಂಡ್ರ ಆಕಿಗೆ ತಲಿಬ್ಯಾನಿ. ಕ್ರಿಸ್ಟಿ ತಮ್ಮ ಮನಸಿನ ಮಾತ ಆಕಿ ಬಾಯಿಲೆ ಹೇಳಿಸ್ಯಾರ.

ಝೆಡ್‌ಇಲ್ಲ:
ಲೇಖಕರಿಗೆ ಬೇಸರ ಬಂದದ್ದು ಓದುಗರಿಗೆ ಬೇಗ ಗೊತ್ತಾಗುತ್ತೆ. ಹನ್ನೆರಡನೇ ಪುಸ್ತಕದ ಹೊತ್ತಿಗೆ ಅದೇ ವರ್ಣನೆ, ಅದೇ ಮಾತು, ಹೆಸರು ಮಾತ್ರ ಬೇರೆ ಇರೋ ಸರಣಿಗಳಿವೆ. ಕಾಲಿನ್ ಡೆಕ್ಸ್ಟರ್ ಅದಕ್ಕೇ ಇಷ್ಟ. ಅವರ ಪತ್ತೇದಾರ ಮೋರ್ಸ್‌ಗೆ 13 ಕಾದಂಬರಿ, 1975ರಿಂದ 1999, ಮುಗಿಸಿಬಿಟ್ಟರು. ಮೋರ್ಸ್‌ನ ಮೊದಲ ಹೆಸರನ್ನ 1996ರವರೆಗೆ ಬಿಟ್ಟುಕೊಡಲಿಲ್ಲ. ಇಪ್ಪತ್ತೊಂದು ವರ್ಷ ಕಾದು ತಿಳಿದವರಿಗೆ ಅದರ ಬೆಲೆ ಗೊತ್ತು. ಇವತ್ತು ಹುಡುಕಿದರೆ ಎರಡು ಸೆಕೆಂಡಿನಲ್ಲಿ ಸಿಗುತ್ತೆ, ದಯವಿಟ್ಟು ಹುಡುಕಬೇಡಿ.

ಅಮ್ಮನಮಗಳು:
ಇವತ್ತು ಅಮ್ಮನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಹರಿದರಕ್ಷಾಪುಟ ಸರ್, ನಿಮಗೆ ಒಂದು ಪ್ರಶ್ನೆ ಕಳಿಸಿದ್ದಾಳೆ. ಆ ಬೀರುವಿನ ಬೀಗದ ಕೈ ಕಥೆಯಲ್ಲಿ ಯಾರ ಹತ್ತಿರ ಇತ್ತು?

ಹರಿದರಕ್ಷಾಪುಟ:
ತಾಯಿಯವರಿಗೆ ನನ್ನ ನಮಸ್ಕಾರ. ಕೈ ಕಳೆದುಹೋಗಿದೆ ಎಂದು ವಕೀಲ ಹೇಳುತ್ತಾನೆ. ಆದರೆ ನಾಯಕ ಮುಟ್ಟಿದಾಗ ಬಾಗಿಲು ತೆರೆದೇ ಇರುತ್ತದೆ. ಇದನ್ನು ನಾನು ಐವತ್ತು ವರ್ಷದಲ್ಲಿ ಯೋಚಿಸಿರಲಿಲ್ಲ.

ಅಮ್ಮನಮಗಳು:
'ಹಾಗಾದರೆ ನಿಮ್ಮ ತಮ್ಮ ಹೇಳಿದ್ದೇ ಸರಿ ಇರಬೇಕು' ಅಂತಿದ್ದಾಳೆ ಸರ್.

ಹರಿದರಕ್ಷಾಪುಟ:
ಇರಬಹುದು. ಇರಲಿ. ಅವನು ಸುಲಭಕ್ಕೆ ಸೋಲುವವನಾಗಿರಲಿಲ್ಲ.

ಮಡಚಿದಪುಟ:
ಎಲ್ಲರಿಗೂ ವಂದನೆ. ನಾನು ಒಂದು ತೀರ್ಮಾನಕ್ಕೆ ಬಂದೆ. ಬೆಕ್, ರೀಬಸ್ ಸಾಲಾಗಿ. ಮೆಗ್ರೇ ಸಿಕ್ಕಿದ ಹಾಗೆ. ಪೊಯ್ರೊ 1920ರಿಂದ ಶುರು, ಡಂಬ್ ವಿಟ್‌ನೆಸ್ ತಡವಾಗಿ, ಕೊನೆಗೆ ಇನ್ನೊಂದು ಸಲ ಕರ್ಟನ್. ಕೊಲೆಗಾರ ಯಾರು ಅಂತ ಗೊತ್ತಿದ್ದೇ ಓದ್ತೀನಿ, ಆ ರೈಲಿನ ಪುಟಕ್ಕೋಸ್ಕರ.

ನಿನ್ನೆ ರಾತ್ರಿ ಸ್ಟೈಲ್ಸ್ ಹಿಡಿದೆ. ಹೇಸ್ಟಿಂಗ್ಸ್ ಇನ್ನೂ ಹುಡುಗ, ಯುದ್ಧದಲ್ಲಿ ಗಾಯವಾಗಿ ರಜೆ ಮೇಲೆ ಬಂದಿದ್ದಾನೆ. ಹಳ್ಳಿಯ ಅಂಚೆ ಕಚೇರಿ ಬಾಗಿಲಲ್ಲಿ ಪೊಯ್ರೊಗೆ ಡಿಕ್ಕಿ ಹೊಡೀತಾನೆ. ಇಬ್ಬರಿಗೂ ಎಷ್ಟು ಖುಷಿ! ನಾನು ಅಲ್ಲೇ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತೆ.

ಸುಳಿವುಬೇಟೆ:
ನೋಟ್‌ಬುಕ್ ತಗೊಳ್ಳಿ ಸರ್. ಕೊನೆಗೆ ಎರಡು ಅಧ್ಯಾಯ ಇರುವಾಗ ಹೆಸರು ಬರೆದು ತಾರೀಖು ಹಾಕಿ, ಆಮೇಲೆ ಇಲ್ಲಿ ಹೇಳಿ.